ಭಾವನ ಬೆಸುಗೆ

ನೆಲದಡಿಯ ಡೀಸೆಲ್ ಪೈಪಿನ ಜಾಡು ಹಿಡಿದು ದಿನವಿಡೀ ನಡೆಯುವುದು ಅವನ ಕೆಲಸ. ಎಲ್ಲಿ ಮಣ್ಣು ಸಡಿಲಾಗಿದೆ, ಎಲ್ಲಿ ಹುಲ್ಲು ಕಮರಿದೆ, ಎಲ್ಲಿ ವಾಸನೆ ಹೊಡೆಯುತ್ತಿದೆ ಎಂದು ನೋಡಿ ಕಂಪನಿಯ ಆಫೀಸಿಗೆ ಫೋನ್ ಮಾಡಬೇಕು. ಮೂಸುತ್ತಾ ತಿರುಗುವವನೆಂದು ಜೊತೆಯವರು ಅವನಿಗೆ ಮೂಸಣ್ಣ ಎಂದೇ ಹೆಸರಿಟ್ಟಿದ್ದರು.

ಆ ಮಧ್ಯಾಹ್ನ ಪಾಳುಬಿದ್ದ ಇಟ್ಟಿಗೆ ಗೂಡಿನ ಹಿಂದೆ ಕಾಲು ಮಣ್ಣಿಗೆ ಇಳಿಯಿತು. ಕೆದಕಿ ನೋಡಿದ. ಪೈಪಿಗೆ ಯಾರೋ ವಾಲ್ವ್ ಬೆಸೆದು, ಅದರಿಂದ ರಸ್ತೆಯ ಕಡೆಗೆ ರಬ್ಬರ್ ಕೊಳವೆ ಎಳೆದಿದ್ದರು. ಕಳ್ಳತನ ಅವನಿಗೆ ಹೊಸದಲ್ಲ. ಆದರೆ ಆ ಬೆಸುಗೆಯ ಮೇಲೆ ಎರಡೆರಡು ಸಲ ಬೆರಳಾಡಿಸಿ ನೋಡಿದ. ಒಳಗೆ ಡೀಸೆಲ್ ಹರಿಯುತ್ತಿರುವಾಗಲೇ ಇಷ್ಟು ನಯವಾಗಿ ಬೆಸೆಯುವ ಕೈ ಊರಲ್ಲಿ ಒಂದೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವನನ್ನು ಸಾಕಿ ಬೆಳೆಸಿದ ಅಕ್ಕನ ಗಂಡನದು.

ತಕ್ಷಣ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮಣ್ಣು ಮುಚ್ಚಿ, ಸಂಜೆ ನೇರ ಅಕ್ಕನ ಮನೆಗೆ ಹೋದ.

"ಭಾವ, ಗೂಡಿನ ಹಿಂದಿರೋದು ನಿಮ್ಮ ಕೈಕೆಲಸ."

ಭಾವ ಇಲ್ಲವೆನ್ನಲಿಲ್ಲ. "ವೆಲ್ಡಿಂಗ್ ಅಷ್ಟೇ ನಂದು. ಕದಿಯೋರು ಬೇರೆ. ಟ್ಯಾಂಕರಿನವರು."

"ಹತ್ತಿಕೊಂಡ್ರೆ ಬೆಂಕಿ ಅದನ್ನೆಲ್ಲ ವಿಚಾರಿಸುತ್ತಾ?"

"ನಾಳೆ ಬೆಳಿಗ್ಗೆ ಮುಚ್ಚಿಸ್ತೀನಪ್ಪ. ಅಲ್ಲೀತನಕ ಬಾಯಿ ಬಿಡಬೇಡ. ಅಕ್ಕನ ಮುಖ ನೋಡು."

ನೋಡಿದ. ಅಕ್ಕ ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು.

ಬೆಳಿಗ್ಗೆ ಹೋಗಿ ನೋಡಿದರೆ ರಬ್ಬರ್ ಕೊಳವೆ ಮಾಯ. ಅವಸರದಲ್ಲಿ ಕಿತ್ತ ಏಟಿಗೆ ವಾಲ್ವ್ ಸಡಿಲಾಗಿ, ಡೀಸೆಲ್ ಜಿನುಗಿ, ಇಳಿಜಾರಿನ ಮನೆಗಳವರು ನೀರು ಸೇದುವ ಬಾವಿಯತ್ತ ಹರಿಯುತ್ತಿತ್ತು. ಆಗ ಫೋನ್ ಮಾಡಿದ. ಭಾವನ ಹೆಸರನ್ನೂ ಹೇಳಿದ.

ಪೊಲೀಸರ ಕೈಗೆ ಸಿಕ್ಕಿದ್ದು ಭಾವ ಒಬ್ಬನೇ. ಕಂಪನಿಯ ಸಾಹೇಬರು ಇವನನ್ನು ಕರೆಸಿದರು.

"ನಿನ್ನೆ ಸಂಜೆ ಅವನ ಮನೆಗೆ ಯಾಕೆ ಹೋಗಿದ್ದೆ?"

"ಭಾವ ಆಗಬೇಕು ಸಾರ್."

"ಅದಕ್ಕೇ ಮಿಕ್ಕವರೆಲ್ಲ ಪರಾರಿ."

ಪೈಪಿನ ಕೆಲಸದಿಂದ ತೆಗೆದು ಗೋದಾಮಿನ ಗೇಟಿಗೆ ಹಾಕಿದರು. ಅಕ್ಕನ ಮನೆಗೆ ಹೋದರೆ ಅವಳು ಹೊಸಿಲು ದಾಟಿ ಬರಲಿಲ್ಲ.

"ಒಂದು ರಾತ್ರಿ ಬಾಯಿ ಮುಚ್ಕೊಂಡಿದ್ದೆಯಲ್ಲ, ಹಾಗೇ ಇರೋಕೆ ಏನು ಧಾಡಿಯಾಗಿತ್ತು?"

ಬಾವಿಯ ವಿಷಯ ಹೇಳಹೊರಟ. ಅವಳು ಬಾಗಿಲು ಹಾಕಿಕೊಂಡಳು.

ಆಫೀಸಿನವರು ಮುಚ್ಚಿಟ್ಟ ಅಂದರು, ಅಕ್ಕ ಹಿಡಿದುಕೊಟ್ಟ ಅಂದಳು. ಎರಡರಲ್ಲೂ ಸುಳ್ಳಿಲ್ಲವಾದ್ದರಿಂದ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಅವನನ್ನು ಒಳಗೊಳಗೇ ಕೊರೆದದ್ದು ಅದೇ.

ಭಾವ ಜೈಲಿಂದ ಬಂದ ವರ್ಷವೇ ಅಕ್ಕನ ಮಗಳ ಮದುವೆ. ಕರೆ ಬಂದದ್ದು ಇವನ ಹೆಂಡತಿಗೆ ಮಾತ್ರ. ಹೋಗಿ ಬಂದವಳು ಸೀರೆ ಮಡಚುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದ.

"ಯಾರಾದ್ರೂ ನನ್ನ ಕೇಳಿದ್ರಾ?"

"ಹುಡುಗನ ಕಡೆಯವರು ಕೇಳಿದ್ರು, ಹುಡುಗಿಗೆ ಸೋದರಮಾವ ಇಲ್ವಾ ಅಂತ," ಅಂದಳು ಅವಳು. "ಇಲ್ಲ ಅಂದ್ರು ನಿಮ್ಮಕ್ಕ."