ಒಂಟಿಯಾದ ವಿಲಾಯತಿ ಇಲಿಗೆ ಜೊತೆ ತಂದೆ

ಆ ದಿನ ನಾವಿಬ್ಬರೂ ಒಂದು ಕೊತ್ತಂಬರಿ ಕಡ್ಡಿಗೆ ನಕ್ಕಿದ್ದೆವು.

ಪುಷ್ಯದ ಚಳಿ. ನನ್ನ ಹೆಂಡತಿ ಕಾಶಮ್ಮ ಅಂಗಳದ ಎಳೆಬಿಸಿಲಿನಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಎರಡು ವಿಲಾಯತಿ ಇಲಿ. (ಇಂಗ್ಲಿಷರು ಇದಕ್ಕೆ ಗಿನಿ ಪಿಗ್ ಎನ್ನುತ್ತಾರಂತೆ. ಹಂದಿ ಎಲ್ಲಿಂದ ಬಂತೋ! ಮೊಲದ ಮರಿಗೆ ಕಿವಿ ಚಿಕ್ಕದು ಮಾಡಿ, ಬಾಲ ತೆಗೆದುಬಿಟ್ಟರೆ ಹೇಗೋ ಹಾಗಿರುತ್ತದೆ.) ಒಂದು ಕಂದು, ಒಂದು ಬಿಳಿ. ಪಕ್ಕದ ಮನೆಯ ಜುಬೇದಾ ಖಾಲಾ ಎಂಟು ದಿನದ ಹಿಂದೆ ತಂದು ಕೊಟ್ಟಿದ್ದರು. ಅವರ ತಮ್ಮ ಗಫೂರ್ ಹುಮನಾಬಾದಿನಲ್ಲಿ ಕಂಪೌಂಡರ್. ಹೈದರಾಬಾದಿನ ಯಾವುದೋ ದೊಡ್ಡ ದವಾಖಾನೆಯಲ್ಲಿ ಬೇಡವಾದ ಪ್ರಾಣಿಗಳನ್ನು ಸಾಯಬಾರದೆಂದು ಎತ್ತಿಕೊಂಡು ಬರುವುದು ಆತನ ಹುಚ್ಚು. "ಮಕ್ಕಳಿಲ್ಲದ ಮನಿ ಅದ ಬೇಟಿ, ಜರಾ ಗದ್ದಲ ಇರ್ಲಿ" ಎಂದು ಖಾಲಾ ಬುಟ್ಟಿಯನ್ನು ಕಾಶಮ್ಮನ ಮಡಿಲಿಗೇ ಇಟ್ಟಿದ್ದರು.

ಕಾಶಮ್ಮ ಕೊತ್ತಂಬರಿ ಕಡ್ಡಿ ಮುರಿದಳು. ಆ ಸಣ್ಣ ಸಪ್ಪಳಕ್ಕೆ ಎರಡೂ ಎದ್ದು ನಿಂತು ಸಿಳ್ಳೆ ಹೊಡೆದವು.

"ನೋಡ್ರಿ, ನಿಮಗಿಂತ ಇವೇ ಚಲೋ. ಅಡಗಿ ಸಪ್ಪಳ ಕೇಳಿದ್ರ ಖುಷಿ ಪಡ್ತಾವ. ನೀವು ಉಂಡು ಕೈ ತೊಳದ್ರೂ ಹ್ಯಾಂಗಾಗ್ಯದ ಅಂತ ಬಾಯಿ ಬಿಡಂಗಿಲ್ಲ" ಎಂದಳು.

"ನಾನೂ ಸಿಳ್ಳಿ ಹೊಡೀಲೇನು?" ಎಂದೆ.

ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಆ ಕೆಮ್ಮಿಗೂ ನಾನು ನಕ್ಕೆ.

ಮರುದಿನ ಬೆಳಿಗ್ಗೆ ಅವಳ ಸೆರಗಿನ ತುದಿಯಲ್ಲಿ ಕೆಂಪು ಕಲೆ ಇತ್ತು.

ಓದುಗರೇ, ಐದು ವಾರ ಈ ಕಾಲಂ ಖಾಲಿ ಹೋಯಿತು. ಕೆಲವರು ಕಾರ್ಡು ಹಾಕಿ ಕೇಳಿದಿರಿ. 'ಮನೆಯಲ್ಲಿ ಸಾವಾಗಿದೆ' ಎಂದು ಒಂದು ಸಾಲು ಬರೆದು ಸುಮ್ಮನಾದೆ. ಸಾವಾಗಿದೆ ಎಂದು ಬರೆಯುವುದು ಸುಲಭ. ಅದಕ್ಕೆ ಮೊದಲಿನ ಒಂದು ವರ್ಷದಲ್ಲಿ ನಾನು ಹೇಗಿದ್ದೆ ಎಂದು ಬರೆಯುವುದು ಸುಲಭವಲ್ಲ. ಪ್ರತಿ ವಾರ ಊರಿನವರ ಕೊಂಕು ಬರೆದು ನಿಮ್ಮನ್ನು ನಗಿಸುವವನು ನಾನು. ಒಂದು ವಾರ ನನ್ನದನ್ನೂ ಬರೆಯಬೇಡವೇ?

ಡಾಕ್ಟರು ಕ್ಷಯ ಎಂದರು. ತಟ್ಟೆ ಲೋಟ ಬೇರೆ ಇಡಿ, ಉಗುಳಿದ್ದನ್ನು ಸುಡಿ, ಕಿಟಕಿ ತೆರೆದಿಡಿ, ಬೇರೆ ಮಲಗಿ ಎಂದರು. ಅಷ್ಟೇ. ಹತ್ತಿರ ಕೂರಬೇಡಿ ಎನ್ನಲಿಲ್ಲ. ಮಾತಾಡಬೇಡಿ ಎನ್ನಲಿಲ್ಲ. ಅದು ನಾನು ಸೇರಿಸಿದ್ದು.

ಹಿತ್ತಲ ಕಡೆಯ ಖೋಲಿಯಲ್ಲಿ ಅವಳ ಹಾಸಿಗೆ ಹಾಕಿದೆ. ಕಲ್ಯಾಣದಲ್ಲಿ ನನ್ನದು ಸ್ಲೇಟು, ಪುಸ್ತಕ, ಶಾಯಿಯ ಅಂಗಡಿ. ಅಲ್ಲಿಂದ ಒಂದು ಚಾಕ್‌ಪೀಸು ತಂದು ಖೋಲಿಯ ಬಾಗಿಲ ಒಳಗೆ ನೆಲದ ಮೇಲೆ ಅಡ್ಡಗೆರೆ ಎಳೆದೆ. ತಟ್ಟೆಯನ್ನು ಗೆರೆಯ ಮೇಲಿಟ್ಟು ನಾನು ಹಿಂದೆ ಸರಿಯಬೇಕು. ಅವಳು ಬಂದು ತೆಗೆದುಕೊಳ್ಳಬೇಕು. ಇದು ನಿಯಮ. ನಿಯಮ ಮಾಡಿದವನು ಯಾರು? ನಾಲ್ಕನೇ ಇಯತ್ತೆ ಪಾಸಾದ ನಾನು.

ಗೆರೆ ಓಡಾಟಕ್ಕೆ ಅಳಿಸುತ್ತಿತ್ತು. ಮತ್ತೆ ಎಳೆಯುತ್ತಿದ್ದೆ. ಯುದ್ಧದ ದೆಸೆಯಿಂದ ಚಾಕ್‌ಪೀಸಿನ ಡಬ್ಬಿ ಬರುವುದೇ ನಿಂತಿತ್ತು. ಶಾಲೆಯವರು ಕೇಳಲು ಬಂದರೆ ಇಲ್ಲ ಎಂದು ಕಳಿಸಿ, ಗೆರೆಗೆಂದು ನಾಲ್ಕು ಚಾಕ್‌ಪೀಸು ಮುಚ್ಚಿಟ್ಟುಕೊಂಡಿದ್ದೆ.

ಒಂದು ದಿನ ಅಂಗಡಿಯಿಂದ ಬಂದು ನೋಡುತ್ತೇನೆ, ಗೆರೆ ಹೊಸದಾಗಿದೆ. ನಾನು ಎಳೆದಿರಲಿಲ್ಲ. ನನ್ನ ಗೆರೆ ಯಾವಾಗಲೂ ಸೊಟ್ಟ. ಇದು ರಂಗೋಲಿ ಹಾಕುವ ಕೈಯ ನೇರ ಗೆರೆ.

ನಾನು ಏನು ಮಾಡಬೇಕಿತ್ತು? ಕಾಲಿನಿಂದ ಉಜ್ಜಿ ಅಳಿಸಬೇಕಿತ್ತು. ತಟ್ಟೆ ಇಟ್ಟು ಹಿಂದೆ ಸರಿದೆ. "ಸಾರು ಬಿಸಿ ಅದ, ನೋಡಿ ಉಣ್ಣು" ಎಂದೆ. "ಹೂಂ ರಿ" ಎಂದಳು.

ಖಾಲಾ ದಿನಾ ಮಧ್ಯಾಹ್ನ ಆ ಗೆರೆ ದಾಟಿ ಹೋಗಿ ಅವಳ ತಲೆ ಬಾಚುತ್ತಿದ್ದರು. ವಯಸ್ಸಾದವರು, ಅವರಿಗೆ ಹೆದರಿಕೆ ಇರುವುದಿಲ್ಲ ಎಂದುಕೊಳ್ಳುತ್ತಿದ್ದೆ. (ಹೇಡಿಗೆ ಲೆಕ್ಕವಿಲ್ಲದಷ್ಟು ಕಾರಣ ಹೊಳೆಯುತ್ತವೆ.) ಇಲಿಗಳ ಬುಟ್ಟಿಯನ್ನು ಅವಳು ಮೊದಲ ದಿನವೇ ಕೇಳಿ ಒಳಗೆ ತೆಗೆದುಕೊಂಡಿದ್ದಳು. ಬಿಳಿಯದು ಬುಟ್ಟಿಯಲ್ಲಿ, ಕಂದು ಅವಳ ತೊಡೆಯ ಮೇಲೆ. ಬಾಗಿಲಿನಿಂದ ನನಗೆ ಕಂಡದ್ದು ಅಷ್ಟು. ಅವಳು ಅದಕ್ಕೆ ಏನೋ ಪಿಸುಗುಡುತ್ತಿದ್ದಳು. ಏನೆಂದು ಕೇಳಿಸಿಕೊಳ್ಳುವಷ್ಟು ಹತ್ತಿರ ನಾನು ನಿಂತವನಲ್ಲ.

ವರ್ಷ ತುಂಬುವ ಮೊದಲೇ ಹೋದಳು. ಬೆಳಿಗ್ಗೆ ತಟ್ಟೆ ಇಟ್ಟು ಕರೆದೆ. ತೆಗೆದುಕೊಳ್ಳಲು ಬರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನವೇ ಆಳು ಕರೆಸಿ ಖೋಲಿಗೆ ಸುಣ್ಣ ಹೊಡೆಸಿದೆ. ಅಷ್ಟು ಅವಸರ ಯಾಕೆ? ಕೇಳಬೇಡಿ. ಹಾಸಿಗೆ ಸುಟ್ಟೆ. ಬುಟ್ಟಿಯನ್ನು ಅಂಗಳಕ್ಕೆ ಇಡಿಸಿದೆ. ಮೇಲೆ ಮುಚ್ಚಬೇಕೆಂದು ನನಗೆ ಹೊಳೆಯಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬೆಕ್ಕು ಬಿಳಿಯದನ್ನು ಕಚ್ಚಿಕೊಂಡು ಗೋಡೆ ಹಾರಿತು.

ಕಂದು ಉಳಿಯಿತು. ಮೂಲೆಗೆ ಮುಖ ಮಾಡಿ ಕೂತಿತು. ಕೊತ್ತಂಬರಿ ಇಟ್ಟರೆ ಬಾಡಿತು, ಮೆಂತ್ಯ ಇಟ್ಟರೆ ಬಾಡಿತು. ಒಂದೆರಡು ಎಳೆ ಹುಲ್ಲು ಕಡಿದರೆ ಅದೇ ಹೆಚ್ಚು. ನಾನು ಕೈ ಚಾಚಿದರೆ ಮೈಯೆಲ್ಲ ನಡುಗುತ್ತಿತ್ತು. ನಾಲ್ಕನೆಯ ದಿನ ನನಗೆ ನಿಜವಾಗಿ ಭಯವಾಯಿತು. ಅವಳ ಕೈ ಮುಟ್ಟಿದ ಜೀವ ಮನೆಯಲ್ಲಿ ಇದೊಂದೇ. ಇದೂ ಹೋದರೆ?

ಖಾಲಾ ಗೋಡೆಯ ಆಚೆಯಿಂದ ಇಣುಕಿದರು.

"ಏ ಬೇಟಾ, ಒಂಟಿ ಇಟ್ರ ಅದು ಬದಕಂಗಿಲ್ಲ. ಗಫೂರನ ಕಡಿ ಹೋಗು. ಇನ್ನೊಂದು ತಂದಾನಂತ."

"ಅಂಗಡಿ ಅದ ಖಾಲಾ..."

"ಅಂಗಡಿ! ಒಂದು ವರ್ಷ ಅಂಗಡ್ಯಾಗೇ ಇದ್ದಿ ಅಲ್ಲ, ಇನ್ನೊಂದು ದಿನ ಬಿಟ್ರ ಶಾಯಿ ಒಣಗತದೇನು?"

ಮರುದಿನ ಕಂದು ಇಲಿಯ ಬುಟ್ಟಿ ಹಿಡಿದು ಹುಮನಾಬಾದಿಗೆ ಹೋದೆ. ಪೆಟ್ರೋಲು ಸಿಗದ ಈ ದಿನಗಳ ಇದ್ದಲು ಗ್ಯಾಸಿನ ಮೋಟಾರು ನಿಮಗೆ ಗೊತ್ತೇ ಇದೆ. ಏರು ಬಂದರೆ ನಾವು ಇಳಿದು ಅದನ್ನು ತಳ್ಳಬೇಕು.

ಗಫೂರ್ ಸಾಹೇಬರು ಇಲಿಯನ್ನು ಎತ್ತಿ ಹಲ್ಲು ನೋಡಿದರು, ಎದೆಗೆ ಕಿವಿ ಇಟ್ಟರು, ಔಷಧಿ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು.

"ರೋಗ ಏನಿಲ್ಲ. ಹೊಟ್ಟಿಗಿಲ್ಲ ಅಷ್ಟೇ. ನಿಮ್ಮ ಮನಿಯವರಿಗೆ ಏನಾಗಿತ್ರಿ?"

ಊರಿಗೆಲ್ಲ ದಮ್ಮು ಎಂದು ಹೇಳಿಕೊಂಡಿದ್ದೆ. ಅವರ ಮುಂದೆ ಸುಳ್ಳು ಬರಲಿಲ್ಲ. "ಕ್ಷಯ ರಿ" ಎಂದೆ.

ಅವರ ಕೈ ನಿಂತಿತು. "ಇದು ಎಲ್ಲಿರ್ತಿತ್ತು?"

"ಆಕಿ ತೊಡಿ ಮ್ಯಾಲ. ಹಗಲೆಲ್ಲ."

"ಯಾ ಅಲ್ಲಾ! ಸೇಟ್, ಆ ರೋಗ ಅದನೋ ಇಲ್ಲೋ ಅಂತ ನೋಡಲಿಕ್ಕ ದೊಡ್ಡ ದವಾಖಾನ್ಯಾಗ ಇವಕ್ಕೇ ಸೂಜಿ ಚುಚ್ಚತಾರ. ಯಾಕಂದ್ರ ಇವಕ್ಕ ಭಾಳ ಲಗೂ ಹತ್ತತದ. ಮನಷ್ಯಾರಿಗಿಂತ ಲಗೂ. ಇದು ಇಷ್ಟು ದಿನ ತೊಡಿ ಮ್ಯಾಲ ಕೂತು ಉಳದದ ಅಂದ್ರ ನಸೀಬು." ಆಮೇಲೆ ಸಹಜವಾಗಿಯೇ ಕೇಳಿದರು, "ನೀವು ಎಲ್ಲಿರ್ತಿದ್ರಿ?"

ನಾನು ಕಪಾಟಿನ ಬಾಟಲಿಯ ಲೇಬಲ್ ಓದತೊಡಗಿದೆ.

ಹೊಸದನ್ನು ತಂದು ತೋರಿಸಿದರು. ಬೂದಿ ಬಣ್ಣ, ಒಂದು ಕಿವಿಗೆ ಗುರುತಿನ ಕಚ್ಚು. ಸೂಜಿಯ ಸರದಿ ಬರುವ ಮೊದಲೇ ಇವರು ಬೇಡಿ ತಂದದ್ದಂತೆ. ಹುಲ್ಲಿನೊಳಗೆ ತಲೆ ಹುದುಗಿಸಿ, ಹಿಂಭಾಗವಷ್ಟೇ ನಮಗೆ ತೋರಿಸಿ ಕೂತಿತ್ತು.

"ಬಾಕಿದವಕ್ಕ ಚುಚ್ಚೋದು ನೋಡಿ ಮನಷ್ಯಾರ ಕೈ ಅಂದ್ರ ಸೂಜಿ ಅಂತ ತಿಳಕೊಂಡದ. ಲಗೂಬಗಿ ಮಾಡಬ್ಯಾಡ್ರಿ. ಒಮ್ಮಿಗೇ ಕೂಡ್ಸಿದ್ರ ಕಚ್ಚಾಡ್ತಾವ. ನಡುವ ತಂತಿ ಜಾಳಿ ಇಡ್ರಿ. ಇದರ ಹುಲ್ಲು ಅದಕ್ಕ, ಅದರ ಹುಲ್ಲು ಇದಕ್ಕ ಹಾಕ್ರಿ, ವಾಸನಿ ರೂಢಿ ಆಗ್ಲಿ. ನೀವೂ ಬಾಜೂಕ ಕೂಡ್ರಿ. ಎಂಟು ದಿನಕ್ಕ ಜಾಳಿ ತೆಗೀರಿ."

"ಇನ್ನೂ ನಾಲ್ಕು ದಿನ ಹೆಚ್ಚಿಗಿಟ್ರ?" ಎಂದೆ.

"ಬ್ಯಾಡ್ರಿ. ಜಾಳಿಗೇ ರೂಢಿ ಬೀಳ್ತಾವ. ಜಾಳಿ ಹಾಕೋದು ತೆಗೀಲಿಕ್ಕ ಸೇಟ್, ಇಡಲಿಕ್ಕಲ್ಲ."

ಆ ಮನುಷ್ಯ ಇಲಿಯ ವಿಷಯ ಹೇಳಿದ. ನನಗೆ ನೆನಪಾದದ್ದು ಖೋಲಿಯ ಗೆರೆ.

ವಾಪಸು ಬರುವಾಗ ಮೋಟಾರಿನಲ್ಲಿ ಪಕ್ಕದಲ್ಲಿ ದುಬಲಗುಂಡಿಯ ಮುದುಕನೊಬ್ಬ, ಮಗಳ ಊರಿಗೆ ಹೊರಟವನು. ನನ್ನ ತೊಡೆಯ ಮೇಲೆ ಎರಡು ಬುಟ್ಟಿ. ಬಗ್ಗಿ ನೋಡಿದ.

"ಏನ್ರಿ ಇವು? ಬಾಲ ಮರತು ಬಂದಾವಲ್ಲ!"

"ವಿಲಾಯತಿ ಇಲಿ ರಿ."

"ಊರಾನ ಇಲಿ ಸಾಲಲಿಲ್ಲೇನು ನಿಮಗ? ನನ್ನ ಹೇಂತಿ ಆಗಿದ್ರ ಇಲಿ ಜೋಡಿ ನನ್ನೂ ಹೊರಗ ಹಾಕ್ತಿದ್ಲು. ನಿಮ್ಮಾಕಿ ಹ್ಯಾಂಗ ಒಪ್ಪಿದಳ್ರಿ?"

"ಒಪ್ಯಾಳ್ರಿ. ಆಕಿಗೆ ಇವಂದ್ರ ಭಾಳ ಪ್ರೀತಿ" ಎಂದೆ.

"ಪುಣ್ಯವಂತರು ಬಿಡ್ರಿ" ಎಂದು ಮುದುಕ ಬೆನ್ನು ತಟ್ಟಿದ.

ಹಾಲಿನ ಕಪಾಟಿನ ಹಳೆಯ ಜಾಳಿಯನ್ನು ಕಿತ್ತು, ಒಂದು ದೊಡ್ಡ ಪೆಟ್ಟಿಗೆಯ ನಡುವೆ ನಿಲ್ಲಿಸಿದೆ. ಸುಣ್ಣ ಹೊಡೆದ ಅದೇ ಖೋಲಿಯಲ್ಲಿ ಇಟ್ಟೆ. ಬೆಕ್ಕು ಬಾರದ ಜಾಗ ಅದೊಂದೇ. ಬೆಳಿಗ್ಗೆ ಸಂಜೆ ಅಲ್ಲಿ ಕೂರಲೇಬೇಕು. ಮದುವೆಯಾದ ಮೇಲೆ ಯಾವುದಾದರೂ ಜೀವದ ಪಕ್ಕ ನಾನು ಸುಮ್ಮನೆ ಇಷ್ಟು ಹೊತ್ತು ಕೂತದ್ದುಂಟೇ? ನೆನಪಾಗಲಿಲ್ಲ.

ಮೊದಲೆರಡು ದಿನ ಎರಡೂ ಬೆನ್ನು ತಿರುಗಿಸಿದ್ದವು. ಹುಲ್ಲು ಬದಲಿಸಿದೆ. ಮೂರನೆಯ ದಿನ ಕಂದು ಆ ಹುಲ್ಲನ್ನು ಮೂಸಿ ಹಲ್ಲು ಕಟಕಟ ಮಾಡಿತು. ಬೂದಿ ಇನ್ನಷ್ಟು ಒಳಗೆ ಹುದುಗಿತು. ಐದನೆಯ ಸಂಜೆ ಬೂದಿ ಹೊರಗೆ ಮೂಗು ಚಾಚಿ ಜಾಳಿಯ ಹತ್ತಿರ ಬಿದ್ದಿದ್ದ ಮೆಂತ್ಯದ ಎಲೆ ಕಡಿಯಿತು. ಆ ಸಪ್ಪಳಕ್ಕೆ ಕಂದು ತಿರುಗಿತು. ಜಾಳಿಗೆ ಮೂಗು ಹಚ್ಚಿ ನಿಂತಿತು. ಆಮೇಲೆ, ಓದುಗರೇ, ಒಂಬತ್ತು ದಿನದ ನಂತರ, ತನ್ನ ಪಾಲಿನ ಸೊಪ್ಪಿಗೆ ಬಾಯಿ ಹಾಕಿತು.

ಎಂಟನೆಯ ದಿನ ಜಾಳಿ ತೆಗೆಯಬೇಕು. ಖಾಲಾ ಬಂದು ಬಾಗಿಲಲ್ಲಿ ನಿಂತರು. ನನ್ನ ಕೈ ಜಾಳಿಯ ಮೇಲಿತ್ತು, ಏಳಲಿಲ್ಲ.

"ಕಚ್ಚಿದ್ರ ಖಾಲಾ?"

"ಕಚ್ಲಿ. ಕಚ್ಚಿದ್ರ ಗಾಯ ಆಗ್ತದ, ಗಾಯ ಮಾಯ್ತದ. ತೆಗಿ."

ತೆಗೆದೆ. ಕಂದು ಎರಡು ಹೆಜ್ಜೆ ಮುಂದೆ ಬಂತು. ಬೂದಿ ಓಡಲಿಲ್ಲ, ನಡುಗುತ್ತ ಕೂತಲ್ಲೇ ಕೂತಿತು. ಕಂದು ಅದರ ಕಚ್ಚು ಬಿದ್ದ ಕಿವಿಯನ್ನು ಮೂಸಿತು. ಪಕ್ಕಕ್ಕೆ ಒತ್ತಿ ಕೂತಿತು. ಅಷ್ಟೇ. ಇಲಿಗಳಿಗೆ ಎಂಟು ದಿನ ಸಾಕಾಯಿತು. ನನಗೆ ಒಂದು ವರ್ಷ ಸಾಲಲಿಲ್ಲ.

ಎಚ್ಚರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ತಟ್ಟೆ ಬೇರೆ ಇರಲಿ. ಆದರೆ ಈ ಊರಿನಲ್ಲಿ ಇಂಥ ಹಿತ್ತಲ ಖೋಲಿಗಳು ಇನ್ನೆಷ್ಟಿವೆ? ಅವುಗಳ ಬಾಗಿಲಲ್ಲಿ ನಿಂತು 'ಹ್ಯಾಂಗದ?' ಎಂದು ಕೇಳಿ, ಉತ್ತರ ಬರುವ ಮೊದಲೇ ಅಂಗಡಿಗೆ ಹೋಗುವ ಗಂಡಸರು ಎಷ್ಟು ಜನ?

ಎರಡೂ ಈಗ ಚೆನ್ನಾಗಿ ತಿನ್ನುತ್ತವೆ, ನಾನು ಎದ್ದು ಹೊರಗೆ ಬಂದ ಮೇಲೆ. ಬೂದಿ ಸರಿ, ಅದಕ್ಕೆ ಸೂಜಿಯ ಹೆದರಿಕೆ. ಕಂದು ಯಾಕೆ ನನ್ನ ಹತ್ತಿರ ಬರುವುದಿಲ್ಲ? ಮೊನ್ನೆ ಅಂಗೈಯಲ್ಲಿ ಸೊಪ್ಪು ಹಿಡಿದು "ಬಾ, ಬಾ" ಎನ್ನುತ್ತಿದ್ದೆ. ಖಾಲಾ ನಕ್ಕರು.

"ಕೋಳಿ ಕರದಂಗ ಕರದ್ರ ಬರ್ತದೇನು? ಹೆಸರು ಹಿಡದು ಕರಿ. ಆಕಿ ಕರದ್ರ ಎಲ್ಲಿದ್ರೂ ಓಡಿ ಬರ್ತಿತ್ತು."

"ಹೆಸರಿತ್ತೇನು? ಏನು ಹೆಸರು ಖಾಲಾ?"

"ನಂಗೇನು ಗೊತ್ತು? ಈ ಖೋಲ್ಯಾಗ ಬಂದ ಮ್ಯಾಲ ಇಟ್ಟಿದ್ಲು. ಪಿಸುಪಿಸು ಅಂತ ಕರೀತಿದ್ಲು, ನಂಗ ಕೇಳಸ್ತಿರಲಿಲ್ಲ. ನಾ ಎಷ್ಟು ಸಲ ಕೇಳ್ದೆ. 'ನಿಮಗ ಹೇಳಂಗಿಲ್ಲ ಖಾಲಾ, ಅವರು ಕೇಳಿದ್ರ ಹೇಳ್ತೀನಿ' ಅಂತ ನಗ್ತಿದ್ಲು." ಖಾಲಾ ನನ್ನ ಮುಖ ನೋಡಿದರು. "ಯಾಕ, ಹೇಳ್ಲಿಲ್ಲೇನು?"

ನಾನು ಕೇಳಿರಲಿಲ್ಲ.

ಈಗ ದಿನಾ ಸಂಜೆ ಅಂಗಡಿ ಬೇಗ ಮುಚ್ಚಿ ಬಂದು, ಆ ಖೋಲಿಯ ನೆಲದ ಮೇಲೆ ಕೂತು, ತೋಚಿದ ಹೆಸರನ್ನೆಲ್ಲ ಒಂದೊಂದಾಗಿ ಕರೆದು ನೋಡುತ್ತೇನೆ. ಅವಳ ತವರಿನವರ ಹೆಸರು, ಮಗು ಹುಟ್ಟಿದರೆ ಇಡಬೇಕೆಂದಿದ್ದ ಹೆಸರು. ಕಂದು ಇನ್ನೂ ತಲೆ ಎತ್ತಿಲ್ಲ.

ಅದರ ಹೆಸರು ನನಗೆ ಗೊತ್ತಿಲ್ಲ.