ಸಮುದ್ರಕ್ಕೆ ಹೆಪ್ಪು

ನಮ್ಮ ಅತ್ತೆಗೆ ಸಮುದ್ರ ತೋರಿಸುವುದು ಹುಡುಗಾಟದ ಮಾತಲ್ಲ. ಸುರಪುರದಿಂದ ಶಹಾಪುರದ ನಮ್ಮ ಮನೆಗೆ ಬರುವಷ್ಟರಲ್ಲೇ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ವಾಂತಿ ಮಾಡಿಕೊಳ್ಳುವವರು. ರೈಲು ಅಂದರೆ ಇನ್ನೂ ಭಯ. ಅಂಥವರ ಕಣ್ಣು ಪರೀಕ್ಷಿಸಿದ ಯಾದಗಿರಿಯ ಡಾಕ್ಟರು, ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಬಹಳ ದಿನ ಇರುವ ಹಾಗೆ ಕಾಣುವುದಿಲ್ಲ ಅಂದರು. ಆಗಲೇ ಅತ್ತೆಗೆ ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ, ನೇರ ಎದುರಿಗಿದ್ದದ್ದು ಮಾತ್ರ. ದವಾಖಾನೆಯ ಮೆಟ್ಟಿಲಿಳಿಯುತ್ತ, "ಹೋಗ್ಲಿ ಬಿಡವ್ವ, ಎಲ್ಲಾ ನೋಡೀನಿ. ಸಮುದ್ರ ಒಂದು ನೋಡ್ಲಿಲ್ಲ" ಅಂದರು.

ನನಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಶಾಲೆಯಲ್ಲಿ ವಿಜ್ಞಾನ ಹೇಳುವವಳು ನಾನು, ಸಮುದ್ರವನ್ನೇ ಪಡಸಾಲೆಗೆ ತರುತ್ತೇನೆಂದು ಹೊರಟೆ. ಗಾಜಿನ ತೊಟ್ಟಿ, ಮೋಟರು, ನೀಲಿ ದೀಪ ಬಂದವು. ಹೈದರಾಬಾದಿನ ಮೀನಿನಂಗಡಿಯವನು ಸಮುದ್ರದ ಉಪ್ಪನ್ನೂ ತೂತುತೂತಾದ ಕಲ್ಲುಗಳನ್ನೂ ಕಳಿಸಿದ. ನನ್ನ ಗಂಡ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ನಾನು ಫಿಲ್ಟರ್ ನೀರಿಗೆ ಉಪ್ಪು ಕಲಸುವುದನ್ನು ನೋಡಿ, "ಊರಾಗಿನ ಮಂದಿ ಸಿಹಿನೀರು ಬಿಡ್ರಿ ಅಂತ ನನ್ನ ಜೀವ ತಿಂತಾರ, ನೀ ಇದ್ದ ಸಿಹಿನೀರಿಗೆ ಉಪ್ಪು ಸುರುವು. ಭೇಷ್!" ಅಂದರು. ಜಗಳಕ್ಕೆ ನಿಂತರೆ ಅವತ್ತು ಅಡುಗೆ ಆಗುತ್ತಿರಲಿಲ್ಲ, ಉಪ್ಪು ಕಲಸುತ್ತಲೇ ಹೋದೆ.

ಕಣ್ಣಿನ ಸಲುವಾಗಿ ನಮ್ಮಲ್ಲೇ ಉಳಿದಿದ್ದ ಅತ್ತೆ ಕುರ್ಚಿ ಎಳೆದುಕೊಂಡು ತೊಟ್ಟಿಯ ಎದುರು ಕೂತರು.

"ಮೀನು ಎಲ್ಲ್ಯಾವ?"

"ಇನ್ನಾ ತಡ ಅದರಿ ಅತ್ತಿ. ಮೊದಲ ನೀರು ಪಳಗಬೇಕು."

"ನೀರು ಪಳಗೋದಂದ್ರ? ಅದೇನು ಹೋರಿ ಅದ ಏನು?"

ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ, ಆ ವಿಷ ತಿನ್ನುವ ಕಣ್ಣಿಗೆ ಕಾಣದ ಜೀವಿಗಳನ್ನು ಬಾಟಲಿಯಿಂದ ಸುರಿದಿದ್ದೇನೆ, ಅವು ಮೊದಲು ಕಲ್ಲಿನಲ್ಲಿ ಮನೆ ಮಾಡಬೇಕು, ಅವಸರ ಮಾಡಿದರೆ ಮೀನು ಸಾಯುತ್ತವೆ ಎಂದು ಪಾಠ ಮಾಡಿದೆ. ಅತ್ತೆಯ ತಲೆಗೆ ಏನೂ ಇಳಿದ ಹಾಗೆ ಕಾಣಲಿಲ್ಲ. ಕೊನೆಗೆ, "ಹಾಲಿಗೆ ಹೆಪ್ಪು ಹಾಕಿದಂಗ್ರಿ. ಬಾಟಲಿಯಾಗಿನ ಹೆಪ್ಪು ಹಾಕೀನಿ, ಹಿಡಿಯೂತನಕ ಕಾಯಬೇಕು" ಅಂದೆ. "ಹಂಗ ಹೇಳು ಮತ್ತ!" ಅಂದರು.

ಅಲ್ಲಿಂದ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ಹಿಡೀತೇನು?" ನಾನು ನೀರು ಪರೀಕ್ಷೆ ಮಾಡಿ "ಇನ್ನಾ ಇಲ್ಲರಿ" ಅನ್ನುವುದು. ನೋಡಲು ಬಂದ ಓಣಿಯ ಹೆಂಗಸರಿಗೆ, "ನಮ್ಮ ಸೊಸಿ ಕಲ್ಲು ಸಾಕ್ಯಾಳ. ಮೇವಿನ ಚಿಂತಿ ಇಲ್ಲ, ಸಗಣಿ ಬಳಿಯೋದಿಲ್ಲ" ಎಂದು ಹೇಳಿ ನಗಿಸುತ್ತಿದ್ದರು. ಮುಂದೆ ಜೀವಂತ ಹವಳವನ್ನೂ ಇಡುವುದಿದೆ ಎಂದಾಗ ಮಾತ್ರ ನನ್ನ ತಾಳಿಯ ಹವಳ ಮುಟ್ಟಿ ನೋಡಿ, "ಇದರಾಗ ಜೀವ ಇತ್ತಂತೇನು? ಪಾಪ!" ಅಂದರು.

ಅಂತೂ ನೀರು ಹದಕ್ಕೆ ಬರುತ್ತಿತ್ತು. ಮೀನು ಕಳಿಸು ಎಂದು ಅಂಗಡಿಯವನಿಗೆ ಹೇಳುವುದೊಂದೇ ಬಾಕಿ. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ತೊಟ್ಟಿಯ ತುಂಬ ಸುಣ್ಣ ಕಲಸಿದ ಹಾಗೆ ಬೆಳ್ಳಗಿನ ನೀರು, ಮೂಗಿಗೆ ಹುಳಿ ವಾಸನೆ. ಕಲ್ಲಿನ ಮೇಲೆ ಕೆನೆಯ ಚೂರು!

"ಯಾರ್ ಮಾಡಿದ್ದಿದು?" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದೆ.

"ನಾನ" ಅಂದರು ಅತ್ತೆ, ಕುರ್ಚಿಯಿಂದ ಏಳದೆ. "ನಿನ್ನ ಬಾಟಲಿ ಹೆಪ್ಪು ಹಿಡಿಯವಲ್ದು. ನಮ್ಮವ್ವನ ಮನಿ ಹೆಪ್ಪು ಹಾಕೀನಿ."

ಆ ಹೆಪ್ಪು ಅವರು ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅಂದಿನಿಂದ ಒಂದು ದಿನವೂ ಕಡಿಯದಂತೆ ಇಂದಿನ ಮೊಸರಿನಿಂದ ನಾಳಿನದಕ್ಕೆ ದಾಟಿಸುತ್ತ ಬಂದಿದ್ದಾರೆ. ನಮ್ಮ ಮನೆಗೆ ಬರುವಾಗಲೂ ಸಣ್ಣ ಡಬ್ಬಿಯಲ್ಲಿ ಅದು ಬಂದೇ ಬರುತ್ತದೆ. ಅದರಲ್ಲೊಂದು ಸೌಟು ನನ್ನ ಸಮುದ್ರಕ್ಕೆ ಬಿದ್ದಿತ್ತು.

"ಹಾಲು, ಮೊಸರು ಬಿದ್ರ ನೀರು ಕೊಳಿತದರಿ ಅತ್ತಿ! ಇನ್ನ ಎಲ್ಲಾ ಚೆಲ್ಲಿ ಮೊದಲಿಂದ ಶುರು ಮಾಡಬೇಕು!"

"ಮೊದಲಿಂದ?" ಅತ್ತೆಯ ದನಿ ಇಳಿಯಿತು. "ನೀ ಕಾಯ್ತೀದಿ. ನನ್ನ ಕಣ್ಣು ಕಾಯ್ತಾವೇನು? ಅದಕ್ಕ ಹಾಕೀನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನೀರು ಚೆಲ್ಲಿದೆ, ಕಲ್ಲು ತೊಳೆದೆ, ಹೊಸದಾಗಿ ಉಪ್ಪು ಕಲಸಿದೆ. ಗಂಡ ಕಚೇರಿಗೆ ರಜೆ ಹಾಕಿ ಬಕೆಟ್ಟು ಹೊತ್ತರು, ಚೇಷ್ಟೆ ಮಾಡಲಿಲ್ಲ. ಅತ್ತೆ ಮತ್ತೆ "ಹಿಡೀತೇನು?" ಎಂದು ಕೇಳಲಿಲ್ಲ. ಅವರು ಚಹಾದ ಕಪ್ಪಿಗೆ ಕೈ ಚಾಚಿ ಗಾಳಿ ಹಿಡಿಯುವುದು ನೋಡಿದಾಗೆಲ್ಲ ನನಗೆ ಆ ಕಾಣದ ಜೀವಿಗಳ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಕೊನೆಗೊಂದು ದಿನ ನೀರು ಒಪ್ಪಿತು. ಗಂಡ ಯಾದಗಿರಿ ಸ್ಟೇಷನ್ನಿಗೆ ಹೋಗಿ, ಹೈದರಾಬಾದಿನಿಂದ ಬಂದ ಥರ್ಮಕೋಲ್ ಡಬ್ಬಿಯನ್ನು ಬಸ್ಸಿನಲ್ಲಿ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದರು. ಕಿತ್ತಳೆ ಮೈ, ಬಿಳಿ ಪಟ್ಟೆಯ ಎರಡು ಮೀನು ತೊಟ್ಟಿಗಿಳಿದವು. ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ಹುಡುಕಿದರು. ನಾನು ಪಕ್ಕದಲ್ಲಿ ಅವರ ಕೈ ಹಿಡಿದು ನಿಂತೆ.

"ಬಂತು, ಬಂತು! ಒಂದು ಸಿಕ್ತು. ಎರಡನೇದು ಬ್ಯಾಡ, ಇದರ ಹಿಂದ ಹೋಗ್ತೀನಿ" ಅಂದರು. ಮೀನು ಅತ್ತ ಹೋದರೆ ಅವರ ತಲೆಯೂ ಅತ್ತ. "ಸಮುದ್ರ ಇಷ್ಟ ಇರ್ತದೇನು?"

"ಇದಕ್ಕಿಂತ ಜರಾ ದೊಡ್ಡದಿರ್ತದರಿ."

"ಆತು, ನೋಡಿದಂಗಾತು. ಈಗ ನೀ ಬಾ ಇಲ್ಲಿ, ನನ್ನ ಎದುರಿಗೆ ಕೂಡು. ಯಾವಾಗ ನೋಡಿದ್ರ ಬಾಜೂಕ ನಿಂತು ಕೈ ಹಿಡೀತೀದಿ, ನನಗ ಕಾಣೋದ ಇಲ್ಲ ನೀ."

ತೊಟ್ಟಿಗೂ ಅವರಿಗೂ ನಡುವೆ ಕೂತೆ. ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಹಣೆಯಿಂದ ಹಿಡಿದು ನೋಡುತ್ತ ಬಂದರು. ಮೀನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.