ತಣ್ಣಗಾದ ಬುತ್ತಿ

ಫೋಂಡಾದ ನಮ್ಮ ಗ್ಯಾರೇಜಿಗೆ ಹುಬ್ಬಳ್ಳಿ ಕಡೆಯ ಮೇಡಮ್ ಒಬ್ಬರು ಸ್ಪೋರ್ಟ್ಸ್ ಕಾರ್ ತಂದ್ರು. "ಎಂಜಿನ್ ಕಾವಿಗೆ ಒಳಗ ಕುಂದ್ರಾಕ ಆಗವಲ್ದು, ಕಾಲು ಸುಡ್ತಾವ್ರಿ" ಅಂದ್ರು. ಟ್ರಯಲ್ ನೋಡಾಕ ಪಣಜಿತನಕ ಹೋಗಿಬಂದೆ. ಗೇರ್ ಪಕ್ಕ ಇಟ್ಟಿದ್ದ ನನ್ನ ಬುತ್ತಿ ಡಬ್ಬಿ, ಒಲಿ ಮ್ಯಾಲಿಂದ ಇಳಿಸಿದಂಗ ಸುಡಾಕತ್ತಿತ್ತು! ಅವತ್ತ ಬಿಸಿಬಿಸಿ ಉಂಡೆ.

ಸೈಲೆನ್ಸರ್ ಪೈಪಿಗೆ ಕಾವು ತಡಿಯೋ ಪಟ್ಟಿ ಸುತ್ತಿ, ಕಾರ್ಪೆಟ್ ಕೆಳಗ ಫಾಯಿಲ್ ಶೀಟ್ ಹಾಸಿದೆ. ಮೇಡಮ್ಮನ್ನ ಕೂಡಿಸ್ಕೊಂಡು ಮತ್ತ ಅದೇ ದಾರಿ ಹಿಡಿದೆ, ಡಬ್ಬಿನೂ ಅದೇ ಜಾಗದಾಗ. ಪಣಜಿ ಮುಟ್ಟಿ ಡಬ್ಬಿ ಹಿಡಿದು ನೋಡಿ, "ತಣ್ಣಗೈತ್ರಿ! ರೊಟ್ಟಿ, ಪಲ್ಯ ಎಲ್ಲಾ ತಣ್ಣಗ!" ಅಂತ ಒದರಿಬಿಟ್ಟೆ.

"ಊಟ ಆರಿದ್ದಕ್ಕ ಇಷ್ಟು ಕುಣಿಯೋರನ್ನ ನಾ ನೋಡಿದ್ದಿಲ್ಲ ಬಿಡ್ರಿ" ಅಂತ ಮೇಡಮ್ ನಕ್ರು.

ಗ್ಯಾರೇಜಿಗೆ ವಾಪಸ್ ಬಂದ ಮ್ಯಾಲ ಅವರು ಖುಷಿಲೆ ಗಾಡಿ ಒಯ್ದ್ರು. ನಾನು ಆರಿದ ಬದನಿಕಾಯಿ ಪಲ್ಯ ತಿನ್ನಾಕ ಕುಂತೆ. ನನ್ನ ಒಲಿ ನಾನ ಕೈಯಾರೆ ಆರಿಸ್ಕೊಂಡಿದ್ದೆ.